ವೈರ್‌ಲೆಸ್ ಅಲಾರಂನಲ್ಲಿ ಝೋನ್‌ಗಳನ್ನು ಹೇಗೆ ಹಂಚಬೇಕು?

ಮನೆಯ ಕಳ್ಳತನದ ಅಲಾರಂನಲ್ಲಿ ಝೋನ್ ಅಂದರೆ ಅಲಾರಂ ಬೇರೆಯಾಗಿ ಗುರುತಿಸುವ ಒಂದು ವಿಭಾಗ. ಎಲ್ಲ ಸೆನ್ಸರ್‌ಗಳನ್ನೂ ಒಂದೇ ಝೋನ್‌ಗೆ ಹಾಕಿದರೆ ಏನು ತೊಂದರೆ ಅಂತ ಕೇಳಿದ್ದೀರಿ. ಸೈರನ್ ಏನೋ ಕೂಗುತ್ತದೆ, ಆದರೆ ಯಾವ ಕಿಟಕಿ ತೆರೆಯಿತು ಅಂತ ಗೊತ್ತಾಗುವುದಿಲ್ಲ. ಒಂದು ಸೆನ್ಸರ್‌ಗೆ ಒಂದು ಝೋನ್ ಕೊಡಿ, ‘ಅಡುಗೆಮನೆ ಕಿಟಕಿ’ ಅಂತ ಹೆಸರನ್ನೂ ಹಾಕಿ.

ನಿಜವಾದ ಕೆಲಸ ಇರುವುದು ಝೋನ್‌ನ ಬಗೆ ಆರಿಸುವುದರಲ್ಲಿ. ಮುಂಬಾಗಿಲಿಗೆ ಡಿಲೇ ಝೋನ್ ಇರಲಿ, ಅಂದರೆ ಬಾಗಿಲು ತೆರೆದ ಮೇಲೆ ಸೈರನ್ ಸ್ವಲ್ಪ ಹೊತ್ತು ಕಾಯುತ್ತದೆ. ಒಳಗೆ ಬಂದು ಕೋಡ್ ಒತ್ತಲು 30 ಸೆಕೆಂಡ್ ಸಾಮಾನ್ಯವಾಗಿ ಸಾಕು. ಕಿಟಕಿಗಳಿಗೆ ಇನ್‌ಸ್ಟಂಟ್, ತೆರೆದ ಕೂಡಲೇ ಸೈರನ್. ಹಾಲ್‌ನ ಮೋಷನ್ ಸೆನ್ಸರ್‌ಗೆ ಇಂಟೀರಿಯರ್ ಫಾಲೋವರ್ ಆರಿಸಿ. ಮುಂಬಾಗಿಲಿನಿಂದ ಬಂದರೆ ಅದೂ ಡಿಲೇ ಮುಗಿಯುವವರೆಗೆ ಕಾಯುತ್ತದೆ, ರಾತ್ರಿ ಸ್ಟೇ ಮೋಡ್‌ನಲ್ಲಿ (ಮನೆಯವರು ಒಳಗೇ ಇರುವಾಗ ಹಾಕುವ ಮೋಡ್) ಸುಮ್ಮನಿರುತ್ತದೆ. ಇದನ್ನೂ ಇನ್‌ಸ್ಟಂಟ್ ಮಾಡಿಬಿಟ್ಟರೆ ನೀವು ಕೀಪ್ಯಾಡ್ ಮುಟ್ಟುವ ಮೊದಲೇ ಗಲಾಟೆ ಶುರು! ಹೊಗೆ ಸೆನ್ಸರ್‌ಗೆ 24 ಗಂಟೆಯ ಫೈರ್ ಝೋನ್. ಅಲಾರಂ ಆಫ್ ಇದ್ದರೂ ಅದು ಎಚ್ಚರ ಇರಬೇಕು ಅಲ್ವಾ.

ಅಲಾರಂನ ಮುಖ್ಯ ಪೆಟ್ಟಿಗೆಯಾದ ಪ್ಯಾನಲ್‌ಗೆ ಸೇರಿಸಿದ ಕೂಡಲೇ ಸೆನ್ಸರನ್ನು ಗೋಡೆಗೆ ಅಂಟಿಸಬೇಡಿ. ಅದನ್ನು ಇಡುವ ಜಾಗದಲ್ಲೇ ಕೈಯಲ್ಲಿ ಹಿಡಿದು ಸಿಗ್ನಲ್ ಟೆಸ್ಟ್ ಮಾಡಿ. ಕಬ್ಬಿಣದ ಬಾಗಿಲು, ಕಾಂಕ್ರೀಟ್ ಗೋಡೆ ಸಿಗ್ನಲ್ ಜಾಸ್ತಿ ತಿನ್ನುತ್ತವೆ. ಸೂಪರ್‌ವಿಷನ್ (ಸೆನ್ಸರ್ ಕೆಲಸ ಮಾಡುತ್ತಿದೆಯೇ ಅಂತ ಪ್ಯಾನಲ್ ಗಮನಿಸುವುದು) ಆನ್ ಇಡಿ. ಬ್ಯಾಟರಿ ಸತ್ತು ಸೆನ್ಸರ್ ಸದ್ದಿಲ್ಲದೆ ಕೂತರೆ ಪ್ಯಾನಲ್ ತಾನೇ ಹೇಳುತ್ತದೆ.