ಟ್ಯಾಕೊ ಬಿಟ್ಟರೆ ಮೆಕ್ಸಿಕನ್ನರಿಂದ ಅಮೆರಿಕಕ್ಕೆ ಬಂದದ್ದೇನು?

ಟ್ಯಾಕೊ, ಬುರಿಟೊ ಬಿಟ್ಟು ಮೆಕ್ಸಿಕನ್ನರು ಅಮೆರಿಕಕ್ಕೆ ಕೊಟ್ಟಿದ್ದೇನು ಅಂತ ಕೇಳಿದ್ದೀರಿ. ಟೆಕ್ಸಾಸ್‌ಗೆ ಬಂದ ಹೊಸದರಲ್ಲಿ ನನಗೂ ಗೊತ್ತಿರಲಿಲ್ಲ. ಕೌಬಾಯ್ ಅಂದ್ರೆ ಅಪ್ಪಟ ಅಮೆರಿಕನ್ ಅಂದುಕೊಂಡಿದ್ದೆ. ಅವನ ಕಸುಬೇ ಮೆಕ್ಸಿಕೋದ್ದು!

ಸ್ಪ್ಯಾನಿಷ್‌ನಲ್ಲಿ ವಾಕಾ ಅಂದ್ರೆ ಹಸು, ವಕೆರೊ ಅಂದ್ರೆ ದನ ಕಾಯುವವನು. ಟೆಕ್ಸಾಸ್, ಕ್ಯಾಲಿಫೋರ್ನಿಯಾ ಮೆಕ್ಸಿಕೋಗೆ ಸೇರಿದ್ದಾಗಲೇ ಇವರು ಕುದುರೆ ಮೇಲೆ ಕೂತು ಕುಣಿಕೆ ಹಗ್ಗ ಬೀಸಿ ದನ ಹಿಡಿಯುತ್ತಿದ್ದರು. ಆಮೇಲೆ ಬಂದ ಬಿಳಿಯರು ಅವರನ್ನು ನೋಡಿ ಕಲಿತರು. ಕೆಲಸದ ಜೊತೆ ಮಾತೂ ಬಂತು. ರಾಂಚೊ (ದನ ಸಾಕುವ ಜಾಗ) ಹೋಗಿ ರ‍್ಯಾಂಚ್ ಆಯಿತು, ಮೆಸ್ತೆನ್ಯೊ (ಕಾಡು ಕುದುರೆ) ಮಸ್ಟಾಂಗ್ ಆಯಿತು, ರೋಡಿಯೊ (ಕೌಬಾಯ್‌ಗಳ ಪಂದ್ಯ) ಹಾಗೇ ಉಳಿಯಿತು. ನನಗೆ ಜಾಸ್ತಿ ಇಷ್ಟ ಡ್ಯಾಲಿ ಅನ್ನೋ ಪದ. ದನಕ್ಕೆ ಕುಣಿಕೆ ಬಿದ್ದ ತಕ್ಷಣ ಹಗ್ಗದ ಇನ್ನೊಂದು ತುದಿಯನ್ನು ಜೀನಿನ ಮುಂದಿರುವ ಗೂಟಕ್ಕೆ ಸುತ್ತಬೇಕು, ಇಲ್ಲದಿದ್ದರೆ ಅದು ಹಗ್ಗದ ಸಮೇತ ಓಡುತ್ತದೆ. ಅದಕ್ಕೆ ವಕೆರೊಗಳು "ದಾಲೆ ಬುವೆಲ್ತಾ", ಅಂದ್ರೆ "ಸುತ್ತು ಹಾಕು" ಅನ್ನುತ್ತಿದ್ದರು. ಅದೇ ಇಂಗ್ಲಿಷ್ ಬಾಯಲ್ಲಿ ಡ್ಯಾಲಿ.

ಇನ್ನೊಂದು ಮಾತು. ಇಲ್ಲಿರುವ ಮೆಕ್ಸಿಕನ್ನರೆಲ್ಲ ವಲಸೆ ಬಂದವರಲ್ಲ. 1848ರಲ್ಲಿ ಅಮೆರಿಕದ ಜೊತೆ ಯುದ್ಧ ಸೋತ ಮೆಕ್ಸಿಕೋ, ಟೆಕ್ಸಾಸ್ ಸೇರಿಸಿದರೆ ಸುಮಾರು ಅರ್ಧ ನೆಲ ಕಳೆದುಕೊಂಡಿತು. ಎಷ್ಟೋ ಜನರ ಮನೆ, ಹೊಲ ಇದ್ದಲ್ಲೇ ಇತ್ತು, ದೇಶ ಮಾತ್ರ ಬದಲಾಯಿತು.

ಊಟದ ಬಗ್ಗೆ ನಿಮಗೇ ಗೊತ್ತು. ಇಲ್ಲಿ ಚಪಾತಿ ಲಟ್ಟಿಸಲು ಬೇಸರವಾದಾಗ ನಮ್ಮ ಮನೆಯಲ್ಲಿ ಚಪಾತಿಯಂಥದ್ದೇ ಆದ ಮೆಕ್ಸಿಕನ್ ಟೋರ್ಟಿಯಾದಲ್ಲೇ ಪಲ್ಯ ಸುತ್ತುತ್ತೇವೆ. (ಸಸ್ಯಾಹಾರಿಗಳು ಹೋಟೆಲಿನಲ್ಲಿ ಬೀನ್ಸ್‌ಗೆ ಹಂದಿ ಕೊಬ್ಬು ಹಾಕಿದ್ದಾರಾ ಅಂತ ಕೇಳಿಕೊಳ್ಳಿ.)

ಆದರೆ ನನ್ನ ಲೆಕ್ಕದಲ್ಲಿ ದೊಡ್ಡದು ಕೂಲಿಗಳ ಹೋರಾಟ. 1965ರಲ್ಲಿ ಕ್ಯಾಲಿಫೋರ್ನಿಯಾದ ಡೆಲಾನೋದಲ್ಲಿ ದ್ರಾಕ್ಷಿ ತೋಟದ ಕೂಲಿಗಳು ಮುಷ್ಕರ ಹೂಡಿದರು. ಶುರು ಮಾಡಿದ್ದು ಫಿಲಿಪಿನೋ ಕೂಲಿಗಳು, ಅದನ್ನೂ ಹೇಳಬೇಕಲ್ವಾ, ಕೆಲವೇ ದಿನದಲ್ಲಿ ಮೆಕ್ಸಿಕನ್ ಕೂಲಿಗಳೂ ಸೇರಿದರು. ಅವರನ್ನು ಬೆಂಬಲಿಸಿ ದೇಶದ ತುಂಬ ಜನ ದ್ರಾಕ್ಷಿ ಕೊಳ್ಳುವುದನ್ನೇ ಬಿಟ್ಟರು. 1970ರಲ್ಲಿ ತೋಟದ ಮಾಲೀಕರು ಒಪ್ಪಂದಕ್ಕೆ ಬಂದರು. ಆ ಹೋರಾಟದ ಮುಂದಾಳುಗಳಲ್ಲಿ ಒಬ್ಬರು ಮೆಕ್ಸಿಕನ್ ಮೂಲದ ಡೊಲೊರೆಸ್ ಹುವೆರ್ತಾ. 1972ರಲ್ಲಿ ಅರಿಜೋನಾದಲ್ಲಿ "ಇಲ್ಲಿ ಇದೆಲ್ಲ ಆಗಲ್ಲ" ಅಂದವರಿಗೆ ಆಕೆ ಹೇಳಿದ್ದು "ಸಿ, ಸೆ ಪುವೆದೆ", ಅಂದ್ರೆ "ಹೂಂ, ಆಗುತ್ತೆ". 2008ರ ಚುನಾವಣೆಯಲ್ಲಿ ಒಬಾಮ ಊರೂರಲ್ಲಿ ಕೂಗಿಸಿದ "ಯೆಸ್ ವಿ ಕ್ಯಾನ್" ನೆನಪಿದೆಯಾ? 2012ರಲ್ಲಿ ಆಕೆಗೆ ಪದಕ ಕೊಡುವಾಗ, ನಿಮ್ಮ ಘೋಷಣೆ ಕದ್ದಿದ್ದು ನಾನೇ ಅಂತ ಒಬಾಮ ನಗುತ್ತಾ ಒಪ್ಪಿಕೊಂಡರು.