ಪೆನ್ಸಿಲ್‌ನಲ್ಲಿ ಬರೆದ ಗುಟ್ಟು

(ಹೆಸರು, ಊರು ಮತ್ತು ಗುರುತು ಸಿಗುವ ವಿವರಗಳನ್ನೆಲ್ಲ ಬದಲಾಯಿಸಿದ್ದೇನೆ. ಇದನ್ನು ಬರೆಯಲು ಇಬ್ಬರು ಹುಡುಗಿಯರೂ ಅವರ ಮನೆಯವರೂ ಒಪ್ಪಿದ್ದಾರೆ.)

ಚೈತ್ರಾಳ ಅಮ್ಮ ನನ್ನ ಕೋಣೆಗೆ ಬಂದಾಗ ಕೈಯಲ್ಲಿ ಬಟ್ಟೆ ಅಂಗಡಿಯ ದೊಡ್ಡ ಚೀಲ ಇತ್ತು. ಕೂರುವ ಮೊದಲೇ ಅದನ್ನು ಮೇಜಿನ ಮೇಲೆ ಸುರಿದರು. ಏಳು ಇಂಗ್ಲಿಷ್ ಕಾದಂಬರಿಗಳು. "ಇವೇ ಮೇಡಂ. ಇವನ್ನು ಓದೀ ಓದೀ ನನ್ನ ಮಗಳು ಹೀಗಾಗಿದ್ದು," ಅಂದರು.

ಚೈತ್ರಾಗೆ 16 ವರ್ಷ. ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ಫಸ್ಟ್ ಪಿಯುಸಿ, ಸೈನ್ಸ್. ಒಂದೂವರೆ ತಿಂಗಳಿಂದ ಸರಿಯಾಗಿ ಊಟ ಇಲ್ಲ, ರಾತ್ರಿ ಎರಡು ಗಂಟೆಯಾದರೂ ನಿದ್ದೆ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಅಷ್ಟು ಚೆನ್ನಾಗಿ ಮಾಡಿದವಳು ಫಿಸಿಕ್ಸ್ ಟೆಸ್ಟ್‌ನಲ್ಲಿ ಫೇಲ್ ಆಗಿದ್ದಳು. ಅಮ್ಮ ಒಂದು ಪುಸ್ತಕ ತೆಗೆದು ಹಿಂದಿನ ರಕ್ಷಾಪುಟ ತೋರಿಸಿದರು. ಮನೆ ಬಿಟ್ಟು ಓಡುವ ಹುಡುಗಿ, ಕುಡಿಯುವ ಅಪ್ಪ, ಗೆಳತಿಯ ಸಾವು. "ಈ ವಯಸ್ಸಿಗೆ ಇದೆಲ್ಲ ಬೇಕಾ? ಓದಬೇಡ ಅಂತ ನೀವೇ ಹೇಳಿ. ನಿಮ್ಮ ಮಾತು ಕೇಳ್ತಾಳೆ."

ಅವರ ಭಯ ನನಗೆ ಅರ್ಥವಾಯಿತು. ಮಗಳು ಕಣ್ಣೆದುರೇ ಸೊರಗುತ್ತಿದ್ದಾಳೆ, ಕಾರಣ ಗೊತ್ತಿಲ್ಲ. ಕೈಗೆ ಸಿಕ್ಕ ಕಾರಣ ಪುಸ್ತಕ. ಸ್ವಲ್ಪ ಹೊತ್ತು ಹೊರಗೆ ಕೂತಿರಿ ಎಂದು ಕೇಳಿಕೊಂಡೆ.

ಚೈತ್ರಾ ಮಾತಾಡಲಿಲ್ಲ. ಶಾಲಿನ ತುದಿಯನ್ನು ಸುತ್ತುತ್ತಾ ಕೂತಿದ್ದಳು. ಕೌನ್ಸೆಲಿಂಗ್‌ಗೆ ಬರುವ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳುವ ಮಾತನ್ನು ಅವಳಿಗೂ ಹೇಳಿದೆ: "ನೀನು ಹೇಳಿದ್ದು ಈ ಕೋಣೆಯಲ್ಲೇ ಇರುತ್ತೆ. ಆದರೆ ನಿನ್ನ ಜೀವಕ್ಕೆ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ಅನ್ನಿಸಿದರೆ, ಅಥವಾ ಯಾರಾದರೂ ಮಕ್ಕಳ ಮೇಲೆ ದೌರ್ಜನ್ಯ ಮಾಡ್ತಿದ್ದಾರೆ ಅಂತ ಗೊತ್ತಾದರೆ, ಸಂಬಂಧಪಟ್ಟವರಿಗೆ ನಾನು ಹೇಳಲೇಬೇಕು. ನಿನ್ನ ಬೆನ್ನ ಹಿಂದೆ ಹೇಳಲ್ಲ. ನಿನಗೆ ತಿಳಿಸಿಯೇ ಹೇಳ್ತೀನಿ." ದೌರ್ಜನ್ಯದ ವಿಷಯದಲ್ಲಿ ಇದು ನನ್ನ ಇಷ್ಟಕ್ಕೆ ಬಿಟ್ಟಿದ್ದಲ್ಲ. ಲೈಂಗಿಕ ದೌರ್ಜನ್ಯ ಗೊತ್ತಾದವರು ದೂರು ಕೊಡಲೇಬೇಕು ಎಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. ಇದನ್ನು ಮೊದಲೇ ಹೇಳಿದರೆ ಮಕ್ಕಳು ಬಾಯಿ ಬಿಡಲ್ಲ ಎಂದು ಕೆಲವರು ಹೇಳುತ್ತಾರೆ. ನನ್ನ ಅನುಭವದಲ್ಲಿ ಹಾಗಾಗಿಲ್ಲ. ಎಷ್ಟೋ ಮಕ್ಕಳು ಹೇಳಬೇಕು ಅಂತಲೇ ಬಂದಿರುತ್ತಾರೆ. ಹೇಳಿದ ಮೇಲೆ ಏನಾಗುತ್ತದೆ ಎನ್ನುವುದು ಅವರಿಗೆ ಗೊತ್ತಿರಬೇಕು, ಅಷ್ಟೆ.

ಆಗಲೂ ಅವಳು ಸುಮ್ಮನಿದ್ದಳು. ಸುಮ್ನೆ ಪುಸ್ತಕ ಒಂದನ್ನು ಎತ್ತಿಕೊಂಡು ಹಾಳೆ ತಿರುವಿದೆ. ಅಂಚಿನ ಉದ್ದಕ್ಕೂ ಪೆನ್ಸಿಲ್ ಬರಹ, ಎರಡು ಬಗೆಯ ಅಕ್ಷರ. ಒಂದು ಗುಂಡಗೆ, ಇನ್ನೊಂದು ಓರೆಯಾಗಿ. ಒಬ್ಬಳು ಬರೆದದ್ದಕ್ಕೆ ಇನ್ನೊಬ್ಬಳು ಉತ್ತರ ಬರೆದಿದ್ದಾಳೆ. "ಇವನನ್ನು ನಂಬಬೇಡ ಕಣೇ." "ನಂಗೂ ಡೌಟ್." ಓದುತ್ತಾ ನನಗೆ ನಗು ಬಂತು. ಅವಳೂ ತುಸು ನಕ್ಕಳು. "ಇನ್ನೊಬ್ಬಳು ಯಾರು?" ಎಂದೆ.

ನಿಶಾ. ಎಲ್‌ಕೆಜಿಯಿಂದ ಜೊತೆಗಿದ್ದವಳು. ಎಸ್ಸೆಸ್ಸೆಲ್ಸಿ ಆದಮೇಲೆ ಕರಾವಳಿಯ ಒಂದು ಹಾಸ್ಟೆಲ್ ಕಾಲೇಜು ಸೇರಿದ್ದಳು. ಅಲ್ಲಿ ಮೊಬೈಲ್ ಇಲ್ಲ. ಭಾನುವಾರ ಸಂಜೆ ಹಾಸ್ಟೆಲ್ ಫೋನಿನಿಂದ ಹತ್ತು ನಿಮಿಷ ಮಾತು, ಅದೂ ವಾರ್ಡನ್ ಎದುರಿಗೆ. ಹಾಗಾಗಿ ರಜೆಯಲ್ಲಿ ಸಿಕ್ಕಾಗ ಪುಸ್ತಕ ಬದಲಾಯಿಸಿಕೊಳ್ಳುತ್ತಿದ್ದರು. ಹೇಳಬೇಕಾದದ್ದೆಲ್ಲ ಅಂಚಿನಲ್ಲಿ.

ಚೈತ್ರಾ ರಾಶಿಯಿಂದ ಇನ್ನೊಂದು ಪುಸ್ತಕ ತೆಗೆದು, ಕೊನೆಯ ಖಾಲಿ ಹಾಳೆ ಬಿಡಿಸಿ ನನ್ನ ಮುಂದಿಟ್ಟಳು. ಓರೆ ಅಕ್ಷರದಲ್ಲಿ ನಾಲ್ಕು ಸಾಲು. ಬೆಳಗ್ಗೆ ಏಳುವುದೇ ಬೇಡ ಅನ್ನಿಸುತ್ತದೆ, ತಾನಿಲ್ಲದಿದ್ದರೆ ಮನೆಯವರಿಗೆ ಸಲೀಸು, ಎಂದು ಬರೆದಿತ್ತು. ಕೆಳಗೆ ಎರಡು ಗೆರೆ ಎಳೆದು: "ಪ್ರಾಮಿಸ್. ಯಾರಿಗೂ ಹೇಳಬಾರದು." ದಸರಾ ರಜೆ ಮುಗಿದ ದಿನ ಬಸ್ ಸ್ಟ್ಯಾಂಡಿನಲ್ಲಿ ಕೊಟ್ಟು ಹೋದ ಪುಸ್ತಕ ಅದು.

"ಪ್ರತಿ ಭಾನುವಾರ ಫೋನ್ ಬಂದರೆ, ಸದ್ಯ ಇದ್ದಾಳೆ ಅಂತ ಗೊತ್ತಾಗ್ತಿತ್ತು ಮ್ಯಾಮ್. ಈ ಭಾನುವಾರ ಬರಲಿಲ್ಲ."

ಆ ದಿನ ಮಂಗಳವಾರ. ಫೋನ್ ಬರದ ಭಯವನ್ನು ಎರಡು ದಿನ ಆ ಹುಡುಗಿ ಒಬ್ಬಳೇ ಹೊತ್ತುಕೊಂಡು ತಿರುಗಿದ್ದಳು.

ಅವಳು ಕೇಳಿದ್ದು ಒಂದೇ ಪ್ರಶ್ನೆ. "ಹೇಳಿದರೆ ಅವಳು ಮತ್ತೆ ನನ್ನ ಜೊತೆ ಮಾತಾಡ್ತಾಳಾ?" ಮಾತಾಡ್ತಾಳೆ ಬಿಡು ಎಂದುಬಿಡುವುದು ಸುಲಭವಿತ್ತು. ಹಾಗೆ ಹೇಳಲಿಲ್ಲ. "ಗೊತ್ತಿಲ್ಲ. ಕೋಪ ಮಾಡಿಕೊಳ್ಳಬಹುದು. ತುಂಬಾ ದಿನ ಮಾಡಿಕೊಳ್ಳಬಹುದು. ಆದರೂ ಇವತ್ತೇ ಹೇಳಬೇಕು. ಯಾರಿಗೆ ಮೊದಲು ಅನ್ನೋದನ್ನು ನೀನು ಹೇಳು," ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಅಪ್ಪ ಬೇಡ, ಕಾಲೇಜು ಬೇಡ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಿಶಾಳ ಅಕ್ಕ.

ಚೈತ್ರಾಳ ಅಮ್ಮನನ್ನು ಒಳಗೆ ಕರೆದೆವು. ಮಗಳೇ ವಿಷಯ ಹೇಳಿದಳು. ಅವರು ಬೈಯಲಿಲ್ಲ. ಪುಸ್ತಕಗಳನ್ನು ಒಂದೊಂದಾಗಿ ಚೀಲದೊಳಗೆ ಜೋಡಿಸಿಟ್ಟು, ಮಗಳ ಕೈ ಹಿಡಿದು ಕೂತರು. ಫೋನ್ ಮಾಡಿದ್ದು ಚೈತ್ರಾ. ಮುಂದೆ ಮಾತು ಬರದಿದ್ದಾಗ ನಾನು ತೆಗೆದುಕೊಂಡೆ. ಅಕ್ಕನಿಗೆ ಹೇಳಿದ್ದು ಇಷ್ಟು: ಈಗಲೇ ಹಾಸ್ಟೆಲ್‌ಗೆ ಫೋನ್ ಮಾಡಿ, ಅವಳನ್ನು ಒಬ್ಬಳೇ ಬಿಡದ ಹಾಗೆ, ಬೈಯದ ಹಾಗೆ ಯಾರಾದರೂ ಜೊತೆಯಲ್ಲಿರಲಿ. ಅಪಾಯ ಆಗಬಹುದಾದ ವಸ್ತು ಯಾವುದೂ ಅವಳ ಕೈಗೆ ಸಿಗದಿರಲಿ. ಅಪ್ಪ ಅಮ್ಮನಿಗೆ ನೀವೇ ತಿಳಿಸಿ, ರಾತ್ರಿ ಬಸ್ಸಿಗೆ ನೀವೇ ಹೊರಡಿ. ಸಿಕ್ಕಾಗ ಸುತ್ತಿಬಳಸಬೇಡಿ, "ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಿ.

ಈ ಕೊನೆಯ ಮಾತಿಗೆ ಹೆಚ್ಚಿನವರು ಹೆದರುತ್ತಾರೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಎಂದು. ಹಾಗಾಗುವುದಿಲ್ಲ. ಯಾರೋ ಒಬ್ಬರು ಕೇಳಿದರಲ್ಲ ಎಂದು ಭಾರ ಇಳಿಯುತ್ತದೆ.

ಅಕ್ಕ ಹೋದರು, ಕೇಳಿದರು, ನಿಶಾ ಹೌದು ಎಂದಳು. ಎರಡು ದಿನದಲ್ಲಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಖಿನ್ನತೆ ಎಂದು ಗೊತ್ತಾಗಿ ಚಿಕಿತ್ಸೆ ಶುರುವಾಯಿತು. ಕೆಲವು ತಿಂಗಳು ಮನೆಯಲ್ಲೇ ಇದ್ದಳು. ಅವಳನ್ನು ಅಲ್ಲಿಯವರೆಗೆ ತಂದದ್ದು ಏನು ಎನ್ನುವುದನ್ನು ಇಲ್ಲಿ ಬರೆಯಲ್ಲ. ಅದು ಅವಳ ಮನೆಯೊಳಗಿನ ವಿಷಯ.

ಮುಂದಿನ ವಾರ ಚೈತ್ರಾಳ ಅಮ್ಮ ಮತ್ತೆ ಅದೇ ಪ್ರಶ್ನೆ ಕೇಳಿದರು, ಈ ಸಲ ಮೆಲ್ಲಗೆ. "ಆದ್ರೂ ಮೇಡಂ, ಇಂಥ ಪುಸ್ತಕ ಓದಿದ್ರೆ ಮಕ್ಕಳ ತಲೆ ಕೆಡಲ್ವಾ?"

ಈ ಪ್ರಶ್ನೆಯನ್ನು ತಳ್ಳಿಹಾಕಲು ಬರುವುದಿಲ್ಲ. 1774ರಲ್ಲಿ ಬಂದ ಒಂದು ಜರ್ಮನ್ ಕಾದಂಬರಿಯನ್ನು ಲೈಪ್‌ಜಿಗ್ ಊರಿನವರು ಇದೇ ಭಯಕ್ಕೆ ನಿಷೇಧಿಸಿದ್ದರು. ಸಾವಿನ ಸುದ್ದಿ ಇನ್ನಷ್ಟು ಸಾವಿಗೆ ದಾರಿಯಾಗುವುದಕ್ಕೆ ಆ ಕಾದಂಬರಿಯ ನಾಯಕನ ಹೆಸರನ್ನೇ ಕೊಟ್ಟು, 1974ರಲ್ಲಿ ಡೇವಿಡ್ ಫಿಲಿಪ್ಸ್ ಎಂಬ ಸಮಾಜಶಾಸ್ತ್ರಜ್ಞರು ವರ್ಥರ್ ಪರಿಣಾಮ ಎಂದರು. ಹರೆಯದವರ ಬಗ್ಗೆ 2017ರಲ್ಲಿ ಬಂದ ಒಂದು ಅಮೆರಿಕನ್ ವೆಬ್ ಸೀರೀಸ್‌ನಿಂದ ಆತ್ಮಹತ್ಯೆಯ ದೃಶ್ಯವನ್ನು 2019ರಲ್ಲಿ ತೆಗೆದೇಹಾಕಿದರು. ಸಾವನ್ನು ವಿವರವಾಗಿ ತೋರಿಸುವ, ಅದನ್ನೇ ಬಿಡುಗಡೆ ಅನ್ನುವ ಹಾಗೆ ಬರೆಯುವ ಪುಸ್ತಕ, ಮೊದಲೇ ಕುಗ್ಗಿರುವ ಮಗುವಿನ ಕೈಗೆ ಬೇಡ. ಇದರಲ್ಲಿ ನನಗೆ ಅನುಮಾನ ಇಲ್ಲ.

ಇನ್ನೊಂದು ಬದಿಯೂ ಇದೆ. ಮೊಟ್ಸಾರ್ಟ್‌ನ 1791ರ ಸಂಗೀತ ನಾಟಕವೊಂದರಲ್ಲಿ ಪಾಪಗೇನೋ ಎಂಬವನು ಜೀವ ಬೇಡವೆಂದು ಹೊರಟಾಗ ಮೂವರು ಹುಡುಗರು ಬಂದು ತಡೆಯುತ್ತಾರೆ, ನಿನ್ನ ಹತ್ತಿರ ಗಂಟೆ ಇದೆಯಲ್ಲ, ಅದನ್ನು ಬಾರಿಸು ಎಂದು ನೆನಪಿಸುತ್ತಾರೆ. ಕಷ್ಟದಿಂದ ಹೊರಬಂದವರ ಕಥೆ ಜೀವ ಉಳಿಸಲು ನೆರವಾಗಬಹುದು ಎಂದು 2010ರಲ್ಲಿ ವಿಯೆನ್ನಾದ ಸಂಶೋಧಕರು ಬರೆದಾಗ ಅದಕ್ಕೆ ಪಾಪಗೇನೋ ಪರಿಣಾಮ ಎಂದು ಹೆಸರಿಟ್ಟರು. ನನಗೆ ಆ ಮೂವರು ಹುಡುಗರು ತುಂಬಾ ಇಷ್ಟ. ನೆನಪಿಸಿದ್ದು ದೊಡ್ಡವರಲ್ಲ, ಮಕ್ಕಳು.

ಅಮ್ಮನಿಗೆ ಇಷ್ಟೆಲ್ಲ ಹೇಳಲಿಲ್ಲ. ನಾನು ಆ ವಾರ ಅವರ ಚೀಲದ ಎರಡು ಪುಸ್ತಕ ಓದಿದ್ದೆ. ಅದನ್ನು ಹೇಳಿದೆ. ಎರಡರಲ್ಲೂ ಅಪ್ಪ ಅಮ್ಮ ಇದ್ದೂ ಇಲ್ಲದ ಹಾಗೆ, ಟೀಚರ್‌ಗೆ ಏನೂ ತಿಳಿಯುವುದಿಲ್ಲ. ಮಕ್ಕಳೇ ಎಲ್ಲ ಮಾಡಬೇಕು. ಕಥೆಗೆ ಅದು ಬೇಕು, ದೊಡ್ಡವರು ಮೂರನೇ ಅಧ್ಯಾಯದಲ್ಲೇ ಬಂದುಬಿಟ್ಟರೆ ಮುಂದೆ ಕಥೆ ಎಲ್ಲಿದೆ? ಆದರೆ ಅದನ್ನೇ ಬದುಕಿನ ನಿಯಮ ಅಂದುಕೊಂಡರೆ ಕಷ್ಟ. ಚೈತ್ರಾ ಹಾಗೆ ಅಂದುಕೊಂಡಿದ್ದಳು. ಒಳ್ಳೆಯ ಗೆಳತಿ ಅಂದರೆ ಬಾಯಿ ಬಿಡದವಳು ಎಂದು ನಂಬಿದ್ದಳು. ಅದನ್ನು ಪುಸ್ತಕ ಕಸಿದುಕೊಂಡು ಸರಿಮಾಡಲು ಆಗಲ್ಲ. ಜೊತೆಗೆ ಕೂತು ಮಾತಾಡಬೇಕು. ನಿಶಾ ಆ ನಾಲ್ಕು ಸಾಲು ಬರೆಯಲು ಜಾಗ ಸಿಕ್ಕಿದ್ದೂ ಆ ಪುಸ್ತಕದಲ್ಲೇ ಅಲ್ವಾ?

"ನಂಗೆ ಇಂಗ್ಲಿಷ್ ಅಷ್ಟು ಬರಲ್ಲ," ಅಂದರು ಅಮ್ಮ. ಹಾಗಾದರೆ ಮಗಳೇ ಕನ್ನಡದಲ್ಲಿ ಹೇಳಲಿ, ದಿನಕ್ಕೊಂದು ಅಧ್ಯಾಯ, ಎಂದೆ. ಅವರೆಕಾಯಿಯ ಕಾಲ. ಸಂಜೆ ಅಮ್ಮ ಕಾಯಿ ಸುಲಿಯುತ್ತಾ ಕೂರುವುದು, ಚೈತ್ರಾ ಕಥೆ ಹೇಳುವುದು. ಹತ್ತು ದಿನವಾದ ಮೇಲೆ ಅಮ್ಮನೇ, "ಆ ಹುಡುಗಿ ಅವಳ ಅಜ್ಜಿಗಾದ್ರೂ ಹೇಳಬೇಕಿತ್ತು ಮೇಡಂ," ಎಂದು ನನ್ನ ಹತ್ತಿರ ಬೇಜಾರು ಮಾಡಿಕೊಂಡರು.

ನಿಶಾ ಎರಡೂವರೆ ತಿಂಗಳು ಮಾತಾಡಲಿಲ್ಲ. ಕೆಲಸ ಜಾಸ್ತಿ ಇದ್ದದ್ದು ಈ ದಿನಗಳಲ್ಲೇ. ಚೈತ್ರಾ ಪ್ರತಿ ವಾರ ಬರುತ್ತಿದ್ದಳು. "ನಾನು ಮೋಸ ಮಾಡಿದೆ" ಎನ್ನುವುದು ಅವಳ ಬಾಯಿಂದ ಹೋಗಲು ತುಂಬಾ ದಿನ ಬೇಕಾಯಿತು. ಮಾತು ಮುರಿದದ್ದು ನಿಜ, ಅದನ್ನು ನಾನು ಅಲ್ಲಗಳೆಯಲಿಲ್ಲ. ಆ ಮಾತು ಕೊಡುವಾಗ ಅವಳಿಗೆ ಬೇರೆ ದಾರಿ ಇರಲಿಲ್ಲ ಎನ್ನುವುದನ್ನೂ ಇಬ್ಬರೂ ಮಾತಾಡಿದೆವು. ಇನ್ನು ಮುಂದೆ ಯಾರಾದರೂ ಗುಟ್ಟು ಹೇಳಲು ಬಂದರೆ ಏನನ್ನಬೇಕು ಎಂದು ಒಂದು ವಾಕ್ಯ ಹುಡುಕಿಕೊಂಡೆವು. ಕೊನೆಗೆ ಅವಳೇ ಹೇಳಿದ್ದು: "ಕೇಳ್ತೀನಿ, ಆದರೆ ನಿನ್ನ ಜೀವದ ವಿಷಯ ಆದ್ರೆ ನಾನೊಬ್ಬಳೇ ಇಟ್ಕೊಳಲ್ಲ." ಹಿಂದಿನ ಬೆಂಚಿನ ಹುಡುಗಿಗೆ ಅವಳು ಟೆಲಿ-ಮಾನಸ್ ನಂಬರು 14416 ಬರೆದುಕೊಟ್ಟಿದ್ದಳಂತೆ. 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯದ ಸಹಾಯವಾಣಿ ಅದು. ದುಡ್ಡಿಲ್ಲ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಿಗಾಗಿ 1098 ಕೂಡ ಇದೆ.

ಶಿವರಾತ್ರಿ ಹೊತ್ತಿಗೆ ಚೈತ್ರಾಳ ಮನೆಗೆ ಒಂದು ಪಾರ್ಸೆಲ್ ಬಂತು. ಹೊಸ ಕಾದಂಬರಿ. ಕಾಗದ ಇಲ್ಲ, ಏನಿಲ್ಲ. ಅವಳು ಅದನ್ನು ತಂದು ನನಗೆ ತೋರಿಸಿದಳು. ಮೊದಲ ಅರವತ್ತು ಪುಟಗಳ ಅಂಚು ಖಾಲಿ. ಅರವತ್ತೊಂದರಲ್ಲಿ ಓರೆ ಅಕ್ಷರ: "ಇಲ್ಲಿ ಇವಳು ಸುಮ್ಮನಿದ್ದಾಳೆ ನೋಡು. ನೀನಾಗಿದ್ರೆ ನಮ್ಮಕ್ಕಂಗೆ ಫೋನ್ ಮಾಡಿರ್ತಿದ್ದೆ."

ಅದರ ಕೆಳಗೆ ಚೈತ್ರಾ ಆಗಲೇ ಏನೋ ಬರೆದಿದ್ದಳು. ಆ ಸಾಲಿನ ಮೇಲೆ ಕೈ ಅಡ್ಡ ಇಟ್ಟುಕೊಂಡಿದ್ದಳು. ನಾನು ಕೇಳಲಿಲ್ಲ.