ಟೈರಿನ ಹಿಡಿತ, ಟ್ಯಾಂಕಿನ ಬಣ್ಣ: ಓದುಗರ ಬೈಕ್ ಪ್ರಶ್ನೆಗಳಿಗೆ ಉತ್ತರ

ಮಳೆ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಅರ್ಧ ಜಾರುವ ಟೈರಿನ ಬಗ್ಗೆ. ಉಳಿದವು ಮನೆಯಲ್ಲೇ ಬೈಕಿಗೆ ಬಣ್ಣ, ಲೈಟು ಹಾಕಿಕೊಳ್ಳುವವರದು. ಅಂದಕ್ಕೆಂದು ಮಾಡಿದ ಕೆಲಸವೇ ಹಿಡಿತ ಕೆಡಿಸಿದ ಉದಾಹರಣೆಗಳು ಇವುಗಳಲ್ಲಿ ಇರುವುದರಿಂದ ಎರಡನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರ: ಹಿಂದಿನ ಟೈರ್ ಹೊಸದು ಹಾಕಿಸಿ ವಾರವಾಯಿತು. ಸವೆದ ಹಳೆಯ ಟೈರಿಗಿಂತ ಇದೇ ಹೆಚ್ಚು ಜಾರುತ್ತಿದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಹಿಂಚಕ್ರ ಪಕ್ಕಕ್ಕೆ ಸರಿಯಿತು. ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ ಎಂದು ಪಂಕ್ಚರ್ ಅಂಗಡಿಯವರು ಹೇಳುತ್ತಾರೆ. ಟೈರ್ ಡೂಪ್ಲಿಕೇಟ್ ಇರಬಹುದೇ? (ತೀರ್ಥಹಳ್ಳಿ)

ಉ: ಡೂಪ್ಲಿಕೇಟ್ ಎಂದು ಈಗಲೇ ಹೇಳಬೇಡಿ. ಅಚ್ಚಿನಿಂದ ಬಂದ ಟೈರಿನ ಮೇಲ್ಮೈ ನುಣುಪಾಗಿ ಹೊಳೆಯುತ್ತಿರುತ್ತದೆ. ರಸ್ತೆಗೆ ಉಜ್ಜಿ ಆ ಹೊಳಪು ಹೋಗಿ ರಬ್ಬರು ಮಂಕಾದಾಗಲೇ ನಿಜವಾದ ಹಿಡಿತ ಸಿಗುವುದು. ಇದಕ್ಕೆ ಸುಮಾರು 150 ಕಿ.ಮೀ. ಬೇಕು. ಆದರೆ ನೇರ ರಸ್ತೆಯಲ್ಲಿ 150 ಕಿ.ಮೀ. ಓಡಿಸಿದರೆ ಟೈರಿನ ನಡುಭಾಗ ಮಾತ್ರ ಪಳಗುತ್ತದೆ. ಬೈಕಿನ ಟೈರಿನ ಮೈ ದುಂಡಗಿರುವುದರಿಂದ ಎರಡೂ ಅಂಚು ಹೊಸದರಂತೆಯೇ ಉಳಿದುಬಿಡುತ್ತವೆ. ಪೇಟೆಯೊಳಗೆ ಓಡಾಡಿ, ಮೊದಲ ಸಲ ಘಾಟಿಯಲ್ಲಿ ಬೈಕ್ ವಾಲಿಸಿದಾಗ ರಸ್ತೆಗೆ ತಾಗುವುದು ಆ ಪಳಗದ ಅಂಚು. ನಿಮಗೆ ಆಗಿರುವುದು ಬಹುಶಃ ಇದೇ. ಒಣ ರಸ್ತೆಯಲ್ಲಿ, ನಿಧಾನವಾಗಿ, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚು ವಾಲಿಸುತ್ತ ಅಂಚನ್ನೂ ಪಳಗಿಸಿ. ಅಲ್ಲಿಯತನಕ ತಿರುವಿನ ಮಧ್ಯೆ ಜೋರಾಗಿ ಆಕ್ಸಿಲರೇಟರ್ ತಿರುಗಿಸುವುದೂ ಬೇಡ, ಬ್ರೇಕೂ ಬೇಡ.

ಪೆಟ್ರೋಲ್ ಖಂಡಿತ ಬೇಡ. ಅದು ರಬ್ಬರಿನೊಳಗೆ ಇಳಿದು ಉಬ್ಬಿಸುತ್ತದೆ, ಮೃದುವಾಗಿಡುವ ಎಣ್ಣೆಯ ಅಂಶವನ್ನು ಹೊರಗೆಳೆಯುತ್ತದೆ. ಒಣಗಿದ ಮೇಲೆ ಉಳಿಯುವುದು ಗಟ್ಟಿ ರಬ್ಬರು. ಪಾತ್ರೆ ತೊಳೆಯುವ ಸೋಪಿನ ನೀರು, ಗಡಸು ಬ್ರಷ್ಷು ಸಾಕು.

ಹೀಗೆ ಪಳಗಿಸಿದ ಮೇಲೂ ಜಾರಿದರೆ ಎರಡು ವಿಷಯ ನೋಡಿ. ಮೊದಲನೆಯದು ಟೈರಿನ ವಯಸ್ಸು. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಅಂಗಡಿಯ ಮೂಲೆಯಲ್ಲಿ ಮೂರ್ನಾಲ್ಕು ವರ್ಷ ಕೂತಿದ್ದ ಟೈರನ್ನು ಹೊಸದರ ಬೆಲೆಗೆ ಕೊಂಡಿದ್ದರೆ ಬದಲಿಸಿ ಕೊಡುವಂತೆ ಕೇಳಿ. ಐದಾರು ವರ್ಷ ದಾಟಿದ ಟೈರಿನಲ್ಲಿ ಬಟನ್ (ಮೈಮೇಲಿನ ರಬ್ಬರಿನ ಉಬ್ಬುಗಳು) ಪೂರ್ತಿ ಇದ್ದರೂ ಮಳೆಯಲ್ಲಿ ನಂಬುವ ಹಾಗಿಲ್ಲ.

ಎರಡನೆಯದು ಗಾಳಿ. ಹಿಂದಿನ ಟೈರ್ ಎಂದರೆ ಕೇಳದೆಯೇ 40 ಪಿಎಸ್‌ಐ ತುಂಬುವ ಅಂಗಡಿಗಳಿವೆ. ಪಲ್ಸರ್ 150ಕ್ಕೆ ಕಂಪನಿ ಹೇಳುವುದು ಮುಂದೆ 25, ಹಿಂದೆ ಒಬ್ಬರೇ ಇದ್ದರೆ 28, ಇಬ್ಬರಿದ್ದರೆ 32. ನಿಮ್ಮ ಬೈಕಿನ ಅಳತೆ ಕೈಪಿಡಿಯಲ್ಲಿ ಇರುತ್ತದೆ, ಇಲ್ಲವೇ ಚೈನ್ ಕವರ್ ಅಥವಾ ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಮೇಲಿನ ಸ್ಟಿಕ್ಕರಿನಲ್ಲಿ. ಬೆಳಗ್ಗೆ ಟೈರ್ ತಣ್ಣಗಿದ್ದಾಗಲೇ ನೋಡಬೇಕು, ಓಡಿಸಿದ ಮೇಲೆ ಎರಡು ಮೂರು ಪಿಎಸ್‌ಐ ಹೆಚ್ಚೇ ತೋರುತ್ತದೆ. ಗಾಳಿ ಹೆಚ್ಚಾದರೆ ರಸ್ತೆಗೆ ತಾಗುವ ಜಾಗ ಚಿಕ್ಕದಾಗುತ್ತದೆ. ಹಾಗೆಂದು ಮಳೆಗಾಲಕ್ಕೆ ಗಾಳಿ ಇಳಿಸುವವರೂ ತಪ್ಪು ಮಾಡುತ್ತಿದ್ದಾರೆ. ಗಾಳಿ ಕಡಿಮೆಯಾದರೆ ಬಟನ್ ನಡುವಿನ ಕಾಲುವೆಗಳು ಭಾರಕ್ಕೆ ಮುಚ್ಚಿಕೊಳ್ಳುತ್ತವೆ, ನೀರು ಹೊರಹೋಗಲು ದಾರಿ ಇರುವುದಿಲ್ಲ. ಕಂಪನಿ ಹೇಳಿದಷ್ಟೇ ಇರಲಿ.

ಎಂಥ ಟೈರಾದರೂ ಹಿಡಿಯದ ಕೆಲವು ಜಾಗಗಳಿವೆ: ಘಾಟಿಯ ಅಂಚಿನ ಪಾಚಿ, ಕೊಳೆತ ಎಲೆ, ರಸ್ತೆಗೆ ಬಳಿದ ಬಿಳಿ ಪಟ್ಟಿ, ಮೆಟ್ರೊ ಕೆಲಸದ ಕಬ್ಬಿಣದ ತಗಡು, ತಿಂಗಳುಗಟ್ಟಲೆ ಬಿಸಿಲಿನ ನಂತರದ ಮೊದಲ ಮಳೆಗೆ ಎಣ್ಣೆ ಧೂಳು ಕಲಸಿದ ಡಾಂಬರು. ಸುಗ್ಗಿಯಲ್ಲಿ ಒಕ್ಕಣೆಗೆಂದು ರಸ್ತೆಗೆ ಹರಡಿದ ರಾಗಿ, ಹುರುಳಿ ಇವೆಲ್ಲಕ್ಕಿಂತ ಅಪಾಯ. ಹುರುಳಿ ಬಳ್ಳಿ ಚೈನಿಗೂ ಹಿಂಚಕ್ರದ ಹಬ್ಬಿಗೂ ಸುತ್ತಿಕೊಳ್ಳುತ್ತದೆ. ಅದರ ಮೇಲೆ ಹೋಗಲೇಬೇಕಾದರೆ ಬೈಕ್ ನೆಟ್ಟಗಿರಲಿ, ಮುಂದಿನ ಬ್ರೇಕ್ ಮುಟ್ಟಬೇಡಿ, ದಾಟಿದ ಮೇಲೆ ನಿಲ್ಲಿಸಿ ಬಳ್ಳಿ ಬಿಡಿಸಿ.

ಪ್ರ: ನನ್ನ 150 ಸಿಸಿ ಬೈಕಿನ ಹಿಂದೆ 100/90-17 ಟೈರ್ ಇದೆ. ನೋಡಲು ಭಾರಿ ಕಾಣಲಿ, ಗ್ರಿಪ್ಪೂ ಸಿಗಲಿ ಎಂದು 140/70-17 ಹಾಕಿಸಬೇಕೆಂದಿದ್ದೇನೆ. ಅದೇ ರಿಮ್ಮಿಗೆ ಕೂರುತ್ತದೆ ಎನ್ನುತ್ತಾರೆ. (ಹಾವೇರಿ)

ಉ: ಕೂರುತ್ತದೆ, ಆದರೆ ಕೂರಬೇಕಾದ ಹಾಗಲ್ಲ. ರಿಮ್ಮಿನ ಮೇಲೆ ಅದರ ಅಗಲ ಕೊರೆದಿರುತ್ತದೆ. 17 x 2.50 ಎಂದಿದ್ದರೆ ಒಳಗಿನ ಅಗಲ ಎರಡೂವರೆ ಇಂಚು, ಅಂದರೆ 63 ಮಿ.ಮೀ. ಚಿಲ್ಲರೆ. 140/70-17ಕ್ಕೆ ಬೇಕಾದದ್ದು ಮೂರೂವರೆಯಿಂದ ನಾಲ್ಕೂವರೆ ಇಂಚಿನ ರಿಮ್. ಕಿರಿದಾದ ರಿಮ್ ಟೈರಿನ ಎರಡು ಬದಿಯನ್ನೂ ಒಳಕ್ಕೆ ಹಿಂಡುತ್ತದೆ. ದುಂಡಗಿರಬೇಕಾದ ಮೈ ನಡುವೆ ಮೊನೆಯಾಗಿ ಏಳುತ್ತದೆ. ಆಗ ನೇರ ಹೋಗುವಾಗ ರಸ್ತೆಗೆ ತಾಗುವ ರಬ್ಬರು ಮೊದಲಿಗಿಂತ ಕಡಿಮೆ, ನಡುಪಟ್ಟಿ ಬೇಗ ಸವೆಯುತ್ತದೆ. ತಿರುವಿನಲ್ಲಿ ಮೊದಲು ವಾಲಲು ಒಪ್ಪದ ಬೈಕು ಆಮೇಲೆ ಒಮ್ಮೆಲೇ ಬೀಳುವಂತೆ ವಾಲುತ್ತದೆ. ಗ್ರಿಪ್ ಬೇಕೆಂದು ಖರ್ಚು ಮಾಡಿ ಗ್ರಿಪ್ಪನ್ನೇ ಕಳೆದುಕೊಂಡಂತೆ.

ಎತ್ತರದ ಲೆಕ್ಕವನ್ನೂ ಹಾಕಿ ನೋಡಿ. ಕೊನೆಯ ಅಂಕಿ ರಿಮ್ಮಿನ ವ್ಯಾಸ, 17 ಇಂಚು ಎಂದರೆ 432 ಮಿ.ಮೀ. ಮೊದಲ ಅಂಕಿ ಮಿ.ಮೀ. ಲೆಕ್ಕದಲ್ಲಿ ಟೈರಿನ ಅಗಲ, ಆ ಅಗಲದ ಶೇಕಡಾ ಎಷ್ಟು ಎತ್ತರ ಎಂಬುದು ಎರಡನೆಯ ಅಂಕಿ. 100/90ಕ್ಕೆ ಗೋಡೆಯ ಎತ್ತರ 90, ಎರಡೂ ಕಡೆ ಸೇರಿ 180; ಒಟ್ಟು ವ್ಯಾಸ 612. ಅದೇ 140/70ಕ್ಕೆ 98ರಂತೆ 196, ಒಟ್ಟು 628. ಅಲ್ಲಿಗೆ ಟೈರ್ ಮೇಲಕ್ಕೆ 8 ಮಿ.ಮೀ. ಏರಿತು, ಪಕ್ಕಕ್ಕೆ 20 ಮಿ.ಮೀ.ವರೆಗೂ ಹರಡಿತು. ಇಬ್ಬರು ಕೂತು ಹಳ್ಳಕ್ಕೆ ಇಳಿಸಿದಾಗ ಮಡ್‌ಗಾರ್ಡಿಗೆ ಉಜ್ಜುತ್ತದೆ, ಚೈನಿನ ಪಕ್ಕಕ್ಕೂ ತಾಗಬಹುದು. ಭಾರ ಹೆಚ್ಚಿದ್ದಕ್ಕೆ ಪಿಕಪ್ಪೂ ಮೈಲೇಜೂ ಇಳಿಯುವುದು ಬೇರೆ.

ನಿಮ್ಮ ರಿಮ್ 2.50 ಇದ್ದರೆ 110/80-17 ಆರಾಮಾಗಿ ಕೂರುತ್ತದೆ. ವ್ಯಾಸ 608, ಈಗಿನದಕ್ಕಿಂತ 4 ಮಿ.ಮೀ. ಮಾತ್ರ ಕಡಿಮೆ. 120/80-17 ಆ ರಿಮ್ಮಿನ ಕೊನೆಯ ಮಿತಿ, ನಾವಾದರೆ ಅಲ್ಲಿಗೆ ಹೋಗುವುದಿಲ್ಲ. ಟೈರ್ ಕಂಪನಿಯ ಪಟ್ಟಿಯಲ್ಲಿ ರಿಮ್ ಅಗಲ ನೋಡಿಯೇ ಕೊಳ್ಳಿ. ಅಳತೆಯ ಮುಂದೆ 55ಪಿ ಎಂಬಂಥ ಗುರುತಿರುತ್ತದೆ: 55 ಎಂದರೆ 218 ಕೆ.ಜಿ. ಹೊರುವ ಶಕ್ತಿ, ಪಿ ಎಂದರೆ ಗಂಟೆಗೆ 150 ಕಿ.ಮೀ. ವೇಗದ ಮಿತಿ. ಹೊಸ ಟೈರಿನ ಗುರುತು ಈಗಿನ ಟೈರಿನದಕ್ಕಿಂತ ಕೆಳಗಿರಬಾರದು. ನಿಜವಾಗಿ ಹಿಡಿತವೇ ಬೇಕಿದ್ದರೆ ಅಳತೆ ಬದಲಿಸದೆ, ಮೃದು ರಬ್ಬರಿನ ಒಳ್ಳೆಯ ಟೈರ್ ಕೊಳ್ಳಿ, ಅದೂ ಮುಂದಕ್ಕೆ ಮೊದಲು. ಬ್ರೇಕ್ ಹಾಕಿದಾಗ ಭಾರವೆಲ್ಲ ಬೀಳುವುದು ಮುಂದಿನ ಚಕ್ರದ ಮೇಲೆ.

ಪ್ರ: ವಾಟರ್ ಸರ್ವಿಸ್‌ನವರು ಟೈರಿಗೆ ಹೊಳಪಿನ ಪಾಲಿಶ್ ಹಚ್ಚುತ್ತಾರೆ. ಹಚ್ಚಿಸಬಹುದೇ? ಟೈರಿನ ಅಕ್ಷರಗಳಿಗೆ ಬಿಳಿ ಬಣ್ಣ ಬಳಿಯಬಹುದೇ? (ಬೆಂಗಳೂರು)

ಉ: ಪಾಲಿಶ್ ಬೇಡ ಎಂದು ಮೊದಲೇ ಹೇಳಿಬಿಡಿ. ಅದರಲ್ಲಿರುವ ಸಿಲಿಕೋನ್ ಕಾರಿನ ಟೈರಿನ ಗೋಡೆಯಲ್ಲಿ ಉಳಿಯುತ್ತದೆ. ಬೈಕಿನಲ್ಲಿ ಗೋಡೆಗೂ ಓಡುವ ಮೈಗೂ ಅಂತರವೇ ಇಲ್ಲ, ಚಕ್ರ ತಿರುಗಿದಾಗ ಅಂಚಿಗೆ ಹರಿಯುತ್ತದೆ. ಈಗಾಗಲೇ ಹಚ್ಚಿದ್ದರೆ ಸೋಪಿನ ನೀರಿನಲ್ಲಿ ಎರಡು ಮೂರು ಸಲ ಉಜ್ಜಿ ತೊಳೆಯಿರಿ.

ಅಕ್ಷರಕ್ಕೆ ಬಣ್ಣ ಬಳಿಯುವುದರಿಂದ ತೊಂದರೆಯಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಎಣ್ಣೆ ಆಧಾರಿತ ಪೇಂಟ್ ಮಾರ್ಕರಿನಿಂದ ತೆಳ್ಳಗೆ ಎರಡು ಕೋಟ್. ಬಾಗಿಲಿಗೆ ಹೊಡೆಯುವ ಇನಾಮೆಲ್ ಬೇಡ, ಗೋಡೆ ಬಾಗಿದಂತೆಲ್ಲ ಅದು ಸಿಡಿದು ಉದುರುತ್ತದೆ.

ಅಂದ ಹಾಗೆ, ಕಾರಣವಿಲ್ಲದೆ ಹಿಂಚಕ್ರ ಜಾರುತ್ತದೆ ಎನ್ನುವವರು ಟೈರಿನ ಎಡಬಲ ಅಂಚನ್ನು ಬೆರಳಲ್ಲಿ ಒರೆಸಿ ನೋಡಿ. ಚೈನಿಗೆ ಸುರಿದ ಎಣ್ಣೆ ಅಲ್ಲಿ ಸಿಡಿದಿರುತ್ತದೆ. ಚೈನ್ ಬೆಚ್ಚಗಿರುವಾಗ, ಒಳಭಾಗಕ್ಕೆ ಮಾತ್ರ, ಸ್ವಲ್ಪವೇ ಹಚ್ಚಿ. ಅರ್ಧ ಗಂಟೆ ಬಿಟ್ಟು ಹೆಚ್ಚಿನದನ್ನು ಬಟ್ಟೆಯಿಂದ ಒರೆಸಿ.

ಪ್ರ: ಸ್ಪ್ರೇ ಡಬ್ಬಿ ತಂದು ಟ್ಯಾಂಕಿಗೆ ನಾನೇ ಬಣ್ಣ ಹೊಡೆದೆ, ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟನ್ನೂ ಕೊಟ್ಟೆ. ತಿಂಗಳೊಳಗೆ ಪೆಟ್ರೋಲ್ ಮುಚ್ಚಳದ ಸುತ್ತ ಬಣ್ಣ ಸುಕ್ಕುಗಟ್ಟಿ ಎದ್ದಿದೆ. ಅದರ ಮೇಲೆಯೇ ಇನ್ನೊಂದು ಕೋಟ್ ಹೊಡೆಯಲೇ? (ದಾವಣಗೆರೆ)

ಉ: ಬೇಡ. ಸಾಮಾನ್ಯ ಡಬ್ಬಿಯ ಕ್ಲಿಯರ್ ಗಾಳಿಗೆ ಆರಿ ಗಟ್ಟಿಯಾಗುವಂಥದು, ಪೆಟ್ರೋಲ್ ತಾಗಿದರೆ ಮತ್ತೆ ಕರಗುತ್ತದೆ. ಎಥನಾಲ್ ಬೆರೆತ ಈಗಿನ ಪೆಟ್ರೋಲಿಗಂತೂ ಇನ್ನೂ ಬೇಗ. ಟ್ಯಾಂಕಿಗೆ ಬೇಕಾದದ್ದು ಗಟ್ಟಿಯಾಗಿಸುವ ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಕ್ಲಿಯರ್, ಪೇಂಟ್ ಅಂಗಡಿಯಲ್ಲಿ 2ಕೆ ಎಂದು ಕೇಳಿ. ಡಬ್ಬಿಯಲ್ಲೂ ಸಿಗುತ್ತದೆ: ತಳದ ಪಿನ್ ಒತ್ತಿದಾಗ ಒಳಗಿನ ಹಾರ್ಡನರ್ ಬೆರೆಯುತ್ತದೆ, ಒಂದೆರಡು ದಿನದೊಳಗೆ ಬಳಸದಿದ್ದರೆ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಅದರ ಹಬೆ ಶ್ವಾಸಕೋಶಕ್ಕೆ ಕೆಟ್ಟದ್ದು, ಕರವಸ್ತ್ರ ಕಟ್ಟಿಕೊಂಡರೆ ಸಾಲದು. ರಾಸಾಯನಿಕ ಹಬೆ ತಡೆಯುವ ಕಾರ್ಟ್ರಿಡ್ಜ್ ಮಾಸ್ಕ್, ಗ್ಲೌಸ್, ಗಾಳಿಯಾಡುವ ಜಾಗ ಮೂರೂ ಬೇಕು.

ಟ್ಯಾಂಕ್ ಕಳಚಿ, ಪೆಟ್ರೋಲ್ ಪೂರ್ತಿ ಇಳಿಸಿ, ಮುಚ್ಚಳ ತೆಗೆದು ಬಯಲಿನಲ್ಲಿ ಒಂದು ದಿನ ಬಿಡಿ. ಖಾಲಿ ಟ್ಯಾಂಕಿನೊಳಗಿನ ಹಬೆಯೇ ಹೆಚ್ಚು ಅಪಾಯ; ಹೀಟ್ ಗನ್, ಗ್ರೈಂಡರ್ ಹತ್ತಿರ ತರಬೇಡಿ. ನಂತರ ನೀವು ಹೊಡೆದ ಬಣ್ಣವನ್ನೆಲ್ಲ ಥಿನ್ನರ್ ಬಟ್ಟೆಯಿಂದ ಒರೆಸಿ ತೆಗೆಯಿರಿ. ಕಂಪನಿಯ ಮೂಲ ಬಣ್ಣ ಒಲೆಯಲ್ಲಿ ಬೇಯಿಸಿದ್ದು, ಥಿನ್ನರಿಗೆ ಸುಲಭವಾಗಿ ಬಗ್ಗುವುದಿಲ್ಲ. ಬಟ್ಟೆಗೆ ಬಣ್ಣ ಬರುವುದು ನಿಂತಿತೆಂದರೆ ಮೂಲ ಪದರ ಸಿಕ್ಕಿತು. ಅದು ಗಟ್ಟಿಯಾಗಿದ್ದರೆ ಕೀಳಬೇಕಿಲ್ಲ, 400 ನಂಬರಿನ ವಾಟರ್ ಪೇಪರಿನಿಂದ ಮಂಕಾಗಿಸಿದರೆ ಸಾಕು. ತಗ್ಗಿದ್ದರೆ 100 ಗ್ರಾಂ ಪಾಲಿಯೆಸ್ಟರ್ ಪುಟ್ಟಿಗೆ 2 ಗ್ರಾಂ ಹಾರ್ಡನರ್ ಕಲಸಿ ತುಂಬಿ. ಐದಾರು ನಿಮಿಷದಲ್ಲಿ ಹಿಡಿದುಕೊಳ್ಳುವುದರಿಂದ ಬೇಕಾದಷ್ಟೇ ಕಲಸಿ.

ಇದರ ಮೇಲೆ ತಳಪದರವಾಗಿ ಪ್ರೈಮರ್ ಹೊಡೆದು, ಅದು ಆರಿದ ಮೇಲೆ 600ರ ಪೇಪರಿನಲ್ಲಿ ನೀರು ಹಾಕಿ ತಿಕ್ಕಿ, ಒರೆಸಿ, ಕೈ ಮುಟ್ಟಿಸದೆ ಬಣ್ಣ. ಡಬ್ಬಿ 20–25 ಸೆಂ.ಮೀ. ದೂರ, ತೆಳ್ಳಗೆ ಮೂರು ಕೋಟ್, ನಡುವೆ 10–15 ನಿಮಿಷ. ಮೊದಲ ಕೋಟಿನಲ್ಲೇ ಕೆಳಗಿನದು ಪೂರ್ತಿ ಮುಚ್ಚಬೇಕೆಂದು ಹೊರಟವರ ಟ್ಯಾಂಕಿನಲ್ಲಿ ಬಣ್ಣ ಇಳಿದಿರುತ್ತದೆ. ಆಮೇಲೆ ಕ್ಲಿಯರ್ ಎರಡು ಕೋಟ್. ಟ್ಯಾಂಕಿಗೂ ಎರಡು ಸೈಡ್ ಪ್ಯಾನೆಲ್ಲಿಗೂ ಸೇರಿ 400 ಮಿ.ಲೀ. ಡಬ್ಬಿ ಪ್ರೈಮರ್ ಒಂದು, ಬಣ್ಣ ಎರಡು, ಕ್ಲಿಯರ್ ಎರಡು ಹಿಡಿಯುತ್ತದೆ. ಮಳೆ ಸುರಿಯುವ ದಿನ ಹೊಡೆದರೆ ತೇವ ಸಿಕ್ಕಿಕೊಂಡು ಹಾಲಿನಂಥ ಮಸುಕು ಬರುತ್ತದೆ; ನಡು ಮಧ್ಯಾಹ್ನದ ಬಿಸಿಲಲ್ಲಿ ಹೊಡೆದರೆ ಮೇಲ್ಪದರ ಬೇಗ ಆರಿ, ಒಳಗಿನ ಥಿನ್ನರ್ ಹೊರಬರುವಾಗ ಗುಳ್ಳೆ ಏಳುತ್ತದೆ. ಮುಗಿದ ಮೇಲೆ ಒಂದು ವಾರ ಪೆಟ್ರೋಲ್ ತಾಗಿಸಬೇಡಿ. ಮ್ಯಾಟ್ ಕ್ಲಿಯರ್ ಹೊಡೆದಿದ್ದರೆ ಎಂದಿಗೂ ಪಾಲಿಶ್ ಮಾಡಬೇಡಿ, ಉಜ್ಜಿದ ಜಾಗ ಮಾತ್ರ ಹೊಳೆಯುತ್ತ ಉಳಿದುಬಿಡುತ್ತದೆ.

ಪ್ರ: ಅಲಾಯ್ ವೀಲಿಗೆ ಪೌಡರ್ ಕೋಟಿಂಗ್ (ಬಣ್ಣದ ಪುಡಿ ಎರಚಿ ಒಲೆಯಲ್ಲಿ ಬೇಯಿಸುವುದು) ಮಾಡಿಸಿದ ಮೇಲೆ ಎರಡು ದಿನಕ್ಕೊಮ್ಮೆ ಗಾಳಿ ಇಳಿಯುತ್ತಿದೆ, ಬ್ರೇಕ್ ಹಿಡಿದರೆ ಲಿವರ್ ನಡುಗುತ್ತದೆ. (ಕಲಬುರಗಿ)

ಉ: ಎರಡಕ್ಕೂ ಕಾರಣ ಬಣ್ಣ ಬೀಳಬಾರದ ಕಡೆ ಬಿದ್ದಿರುವುದು. ಟ್ಯೂಬ್‌ಲೆಸ್ ಟೈರಿನ ಅಂಚು ರಿಮ್ಮಿಗೆ ಒತ್ತಿ ಕೂರುವ ಪಟ್ಟಿ ನಯವಾಗಿರಬೇಕು. ಟೈರ್ ಬಿಚ್ಚಿಸಿ, ಆ ಪಟ್ಟಿಯ ಗಂಟು, ಎದ್ದ ಚೂರುಗಳನ್ನು 240ರ ಪೇಪರಿನಲ್ಲಿ ತೆಗೆದು, ಅಂಚಿನ ಸಂದು ಮುಚ್ಚುವ ಬೀಡ್ ಸೀಲರ್ ಹಚ್ಚಿ ಕೂರಿಸಿ, ಸೋಪಿನ ನೀರಿನಲ್ಲಿ ಗುಳ್ಳೆ ಬರುತ್ತದೆಯೇ ನೋಡಿ. ನಡುಕಕ್ಕೆ ಕಾರಣ ಬ್ರೇಕ್ ಡಿಸ್ಕ್ ಕೂರುವ ಮುಖದ ಮೇಲಿನ ಏರುಪೇರು ಪದರ. ಅದನ್ನು ಲೋಹ ಕಾಣುವವರೆಗೆ ತೆಗೆಯಿರಿ. ಪದರ ಒತ್ತಿ ತೆಳುವಾದಂತೆ ಬೋಲ್ಟ್ ಸಡಿಲಾಗುವ ಅಪಾಯವೂ ಇದೆ, ಆದ್ದರಿಂದ ಇದನ್ನು ಮುಂದೂಡಬೇಡಿ. ಬೇರಿಂಗ್ ತೆಗೆದೇ ಕೋಟಿಂಗ್ ಮಾಡಿದ್ದರೇ ಎಂದು ಕೇಳಿ. ಒಲೆಯ 180–200 ಡಿಗ್ರಿ ಶಾಖಕ್ಕೆ ಅದರ ಗ್ರೀಸೂ ರಬ್ಬರ್ ಸೀಲೂ ಉಳಿಯುವುದಿಲ್ಲ.

ಪ್ರ: ಎಲ್‌ಇಡಿ ಇಂಡಿಕೇಟರ್ ಹಾಕಿದೆ. ಪಟಪಟನೆ ಹೊಡೆದುಕೊಳ್ಳುತ್ತದೆ. ಇಂಡಿಕೇಟರ್ ಮಿನುಗಿಸುವ ರಿಲೇ ಬದಲಿಸಿದರೆ ಈಗ ನಾಲ್ಕೂ ಒಟ್ಟಿಗೆ ಮಿನುಗುತ್ತವೆ. (ಉಡುಪಿ)

ಉ: ಹಳೆಯ ಬಲ್ಬು ಒಂದೊಂದು 10 ವ್ಯಾಟ್, ಎಲ್‌ಇಡಿ ಒಂದೆರಡು ವ್ಯಾಟ್. ಬಲ್ಬು ಸುಟ್ಟಿದೆ ಎಂದು ಹಳೆಯ ರಿಲೇ ತಿಳಿದು ವೇಗ ಹೆಚ್ಚಿಸುತ್ತಿತ್ತು. ಎಲ್‌ಇಡಿಯದೇ ಎಲೆಕ್ಟ್ರಾನಿಕ್ ರಿಲೇ ಹಾಕಿದ್ದು ಸರಿ. ನಾಲ್ಕೂ ಮಿನುಗುವುದಕ್ಕೆ ಕಾರಣ ಮೀಟರಿನ ಒಂಟಿ ಸೂಚಕ ದೀಪ. ಅದರ ಒಂದು ತುದಿ ಎಡದ ತಂತಿಗೆ, ಇನ್ನೊಂದು ಬಲದ ತಂತಿಗೆ ಇರುತ್ತದೆ. ಅದರೊಳಗಿಂದ ನುಸುಳುವ ಅಲ್ಪ ಕರೆಂಟೇ ಎದುರು ಬದಿಯ ಎಲ್‌ಇಡಿ ಹೊತ್ತಿಸಲು ಸಾಕು. 1ಎನ್4007 ಡಯೋಡ್ ಎರಡು ತನ್ನಿ, ಕೆಲವೇ ರೂಪಾಯಿ. ಎಡದ ತಂತಿಗೊಂದು, ಬಲದ ತಂತಿಗೊಂದು ಹಾಕಿ, ಬೆಳ್ಳಿ ಪಟ್ಟಿಯಿರುವ ತುದಿಗಳೆರಡನ್ನೂ ಕೂಡಿಸಿ ದೀಪದ ಒಂದು ತುದಿಗೆ ಕೊಡಿ. ದೀಪದ ಇನ್ನೊಂದು ತುದಿ ಅರ್ತ್‌ಗೆ. ನಿಮ್ಮದು ಕಡಲತೀರ, ಬರಿಯ ಇನ್ಸುಲೇಶನ್ ಟೇಪ್ ಸುತ್ತಿದ ಜಾಯಿಂಟ್ ಒಂದು ಮಳೆಗಾಲಕ್ಕೇ ಹಸಿರು ತುಕ್ಕು ಹಿಡಿಯುತ್ತದೆ. ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಸ್ಲೀವ್ ಏರಿಸಿ.

ಪ್ರ: ಕಪ್ಪು ಬೈಕನ್ನು ಹಸಿರು ಮಾಡಿದರೆ ಪೊಲೀಸರು ಹಿಡಿಯುತ್ತಾರೆಯೇ? (ಮೈಸೂರು)

ಉ: ಆರ್‌ಸಿಯಲ್ಲಿ ಬಣ್ಣವೂ ದಾಖಲಾಗಿರುತ್ತದೆ. ಬದಲಿಸುವ ಮೊದಲೇ ಆರ್‌ಟಿಒ ಕಚೇರಿಗೆ ಅರ್ಜಿ ಹಾಕಿ ಒಪ್ಪಿಗೆ ಪಡೆಯಿರಿ, ಕೆಲಸ ಮುಗಿದ ಮೇಲೆ ಬೈಕ್ ತೋರಿಸಿ ಆರ್‌ಸಿ ತಿದ್ದಿಸಿ. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ವಿಮಾ ಕಂಪನಿಗೂ ತಿಳಿಸಿ. ಇಡೀ ಬೈಕಿಗೆ ಬೇರೆ ಬಣ್ಣದ ವಿನೈಲ್ ಸುತ್ತಿಸುವವರೂ ಇದನ್ನೇ ಮಾಡುವುದು ಒಳ್ಳೆಯದು. ಹಿಂದಿನ ಮಡ್‌ಗಾರ್ಡ್ ಕತ್ತರಿಸಿ ನಂಬರ್ ಪ್ಲೇಟನ್ನು ಸೀಟಿನ ಕೆಳಗೆ ಮಲಗಿಸುವ ಯೋಚನೆಯೂ ಜೊತೆಗಿದ್ದರೆ ಕೈಬಿಡಿ: ಪ್ಲೇಟ್ ಕಾಣದ್ದಕ್ಕೆ ದಂಡ, ಹಿಂಚಕ್ರ ಎರಚುವ ಕೆಸರು ಬೆನ್ನಿಗೆ.